ಸೀಟಿರಾಯರ ಮೈದಾನ ಪ್ರವೇಶ

“ಪರದೇಶದ ಆ ಮೈದಾನದ ಹುಲ್ಲಿನ ಮೇಲೆ ಈ ಎರಡು ಪಾದ ಊರದೆ ವಾಪಸ್ ಬಂದ್ರೆ ನನ್ನ ಹೆಸರೇ ಬದಲಾಯಿಸಿ! ನಟ್ಟನಡುವೆ ನಿಂತ ಫೋಟೋ ತಂದು ಈ ಗೋಡೆಗೆ ಹಾಕ್ತೀನಿ!”

ಓಣಿಯ ಫುಟ್‌ಬಾಲ್ ತಂಡದೆದುರು ಸೀಟಿರಾಯರು ಹೀಗೆ ಭೀಷಣ ಪ್ರತಿಜ್ಞೆ ಮಾಡಿದರು. ಕೂದಲು ಕಪ್ಪಗಿದ್ದ ಕಾಲದಿಂದ ರೆಫರಿಯಾಗಿ ಸೀಟಿ ಊದಿ ಊದಿ, ಹೆತ್ತವರು ಇಟ್ಟ ಹೆಸರು ಎಂದೋ ಉದುರಿಹೋಗಿತ್ತು. ಕೊರಳಿಂದ ಸೀಟಿ ಇಳಿಯುತ್ತಿದ್ದುದು ಸ್ನಾನಕ್ಕೆ ಮಾತ್ರ. ಮನೆಯಲ್ಲಿ ಹಾಲು ಉಕ್ಕಿದರೂ ಸೀಟಿ, ಹೆಂಡತಿ ರಿಮೋಟ್ ಕಸಿದರೂ ಸೀಟಿ!

ಹೆಂಡತಿಗೋ ಆ ಆಟವೆಂದರೆ ಅಷ್ಟಕ್ಕಷ್ಟೆ. “ದೇವರು ಕೊಟ್ಟ ಕೈ ಇದ್ದೂ ಕಾಲಲ್ಲಿ ಒದೆಯೋದು ಯಾವ ಸೀಮೆ ಆಟ?” ಎನ್ನುತ್ತಿದ್ದಳು. ಹೊರಡುವ ದಿನ ಖಡಕ್ಕಾಗಿ ಹೇಳಿದಳು: “ಪರದೇಶದಲ್ಲಿ ಮಾನ ಕಳೀಬೇಡಿ. ಸೀಟಿ ಇಲ್ಲೇ ಬಿಟ್ಟು ಬನ್ನಿ.”

“ವೀರ ಕತ್ತಿ ಬಿಟ್ಟು ಯುದ್ಧಕ್ಕೆ ಹೋಗ್ತಾನೇನೆ?”

“ನಾವು ಹೋಗ್ತಿರೋದು ಟೂರಿಗೆ!”

ಕತ್ತಿ ಅಂಗಿಯೊಳಗೆ ಅಡಗಿ ವಿಮಾನ ಹತ್ತಿತು.

ಜಗತ್ತೇ ಕೊಂಡಾಡುವ ಆ ಕ್ರೀಡಾಂಗಣದ ಗ್ಯಾಲರಿಗೆ ಕಾಲಿಟ್ಟಾಗ ರಾಯರ ಕಣ್ಣು ತುಂಬಿಬಂತು. ಕೆಳಗೆ ಹಸಿರೋ ಹಸಿರು! “ನೋಡೇ... ನೋಡೇ!” ಎಂದು ತೊದಲಿದರು. “ಹೂಂ, ಚೆನ್ನಾಗಿ ಕತ್ತರಿಸಿದ್ದಾರೆ” ಎಂದಳು ಹೆಂಡತಿ.

ಗೈಡ್ ನಿಯಮ ಒಪ್ಪಿಸತೊಡಗಿದ: “ಹುಲ್ಲಿನ ಮೇಲೆ ಯಾರೂ ಕಾಲಿಡೋ ಹಾಗಿಲ್ಲ. ಸೀಟಿ ಕೇಳಿಸಿದ್ರೆ ಬೆಂಕಿಯೋ ಏನೋ ಅಪಾಯ ಅಂತ ಅರ್ಥ. ಆಗ ಮಾತ್ರ ಎಲ್ಲರೂ ಮೈದಾನದ ನಡುವೆ ಹೋಗಿ ಸೇರಬೇಕು.”

ಮೊದಲ ವಾಕ್ಯಕ್ಕೇ ರಾಯರ ಎದೆ ಒಡೆದು ಹೋಯಿತು. ಉಳಿದದ್ದು ಕಿವಿಗೆ ಬೀಳಲೇ ಇಲ್ಲ.

“ಒಂದು ಹೆಬ್ಬೆರಳು ಮಾತ್ರ ಇಡ್ತೀನಿ ಸ್ವಾಮಿ!”

“ಆಗಲ್ಲ.”

“ಕಿರುಬೆರಳು?”

“ಯಾವ ಬೆರಳೂ ಆಗಲ್ಲ!”

ರಾಯರು ಮುಖ ಇಳಿಬಿಟ್ಟು ನಿಂತರು. ಅಷ್ಟರಲ್ಲಿ ಹುಲ್ಲು ಕತ್ತರಿಸುವ ಇಬ್ಬರು ಆಳುಗಳು ಯಂತ್ರ ನಿಲ್ಲಿಸಿ, ಗೋಲಿನ ಮುಂದೆ ಚೆಂಡೊಂದನ್ನು ಒದೆಯುತ್ತ ಆಡತೊಡಗಿದರು. ಅವರಲ್ಲೊಬ್ಬ ಎತ್ತರಕ್ಕೆ ಬಂದ ಚೆಂಡನ್ನು ಕಳ್ಳತನದಿಂದ ಕೈಯಲ್ಲಿ ತಡೆದು ಕೆಳಗಿಳಿಸಿದ. ಮುಗಿಯಿತು ಕಥೆ! ರಾಯರ ಕೈ ತಾನಾಗಿ ಅಂಗಿಯೊಳಗೆ ಹೋಯಿತು.

ಪೀ... ... ...!

ಗಂಟೆಗಳು ಬಡಿದುಕೊಂಡವು. ಬಾಗಿಲುಗಳೆಲ್ಲ ದಡಬಡನೆ ತೆರೆದವು. ಕಚೇರಿಯವರು, ಕಸ ಗುಡಿಸುವವರು, ಸೌಟು ಹಿಡಿದ ಅಡುಗೆಯವರು, ಪ್ರವಾಸಿಗಳು ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಹುಲ್ಲಿನತ್ತ ಓಡಿದರು! “ಎಲ್ಲಿಗೆ ಓಡ್ತಿದ್ದಾರೆ?” ಎಂದು ರಾಯರು ಕಣ್ಣುಕಣ್ಣು ಬಿಟ್ಟರು. “ಹುಲ್ಲಿಗೆ! ಗೈಡ್ ಹೇಳಿದ್ದು ಕೇಳಿಸ್ಲಿಲ್ವಾ?” ಎಂದು ಹೆಂಡತಿ ಚಪ್ಪಲಿ ಕೈಗೆತ್ತಿಕೊಂಡಳು.

ಬಯಸದೇ ಬಂದ ಭಾಗ್ಯ! ರಾಯರು ಮೆಟ್ಟಿಲು ಹಾರುತ್ತ ಇಳಿದು, ಬಲಗಾಲು ಎತ್ತಿ ಇನ್ನೇನು ಹುಲ್ಲಿಗೆ ಊರಬೇಕು, ಕಾವಲುಗಾರನೊಬ್ಬ ರಟ್ಟೆ ಹಿಡಿದ.

“ಸೀಟಿ ಊದಿದ್ದು ಯಾರು?”

ಗುಂಪಿನ ಬೆರಳುಗಳೆಲ್ಲ ರಾಯರತ್ತ ತಿರುಗಿದವು. ಮೊದಲನೆಯದು ಹೆಂಡತಿಯದು.

“ಊದಿದವರು ಇಲ್ಲಿಂದ ಕದಲೋ ಹಾಗಿಲ್ಲ. ಬೆಂಕಿ ಎಲ್ಲಿ, ತೋರಿಸಿ!”

“ಬೆಂಕಿ ಇಲ್ಲ ಸ್ವಾಮಿ. ಪೆನಾಲ್ಟಿ ಇದೆ!”

ಕಾವಲುಗಾರ ನಂಬಲಿಲ್ಲ. ಮೂಲೆಮೂಲೆ ಹುಡುಕಿ ಬರುವವರೆಗೂ ರಾಯರನ್ನು ಕೊನೆಯ ಮೆಟ್ಟಿಲ ಮೇಲೆ ಕೂರಿಸಿದ. ಹುಲ್ಲು ಗೇಣು ದೂರದಲ್ಲೇ ಇತ್ತು. ನಟ್ಟನಡುವೆ ಹೆಂಡತಿ ಚಕ್ಕಳಮಕ್ಕಳ ಹಾಕಿ ಕೂತು ಬುತ್ತಿ ಬಿಚ್ಚಿದಳು. ಚೆಂಡು ಮುಟ್ಟಿದ ಆ ದ್ರೋಹಿಗೇ ಮೊದಲ ತುತ್ತು! ಗೈಡ್ ಫೋಟೋ ತೆಗೆದ.

“ರೀ, ಎಷ್ಟು ಮೆತ್ತಗಿದೆ ಗೊತ್ತಾ? ಬನ್ನಿ!”

“ಬರ್ತಿದ್ದೆ ಕಣೇ, ಈ ಪುಣ್ಯಾತ್ಮ ಬಿಟ್ಟಿದ್ರೆ!”

ರಾಯರಿಗೆ ಅಳು ಬಂತು. ಅವಳು ಹುಲ್ಲಿನ ಮೇಲೆ ಮಗುವಿನಂತೆ ಉರುಳಿ ನಕ್ಕದ್ದು ಕಂಡು, ಹಾಳಾದ್ದು, ನಗುವೂ ಬಂತು. ಎಲ್ಲ ಮುಗಿದ ಮೇಲೆ ಕಾವಲುಗಾರ ರಾಯರ ಸೀಟಿಯನ್ನು ಕಸಿದು ಅವಳ ಕೈಗಿಟ್ಟು, “ಇದು ನಿಮ್ಮ ಹತ್ರಾನೇ ಇರಲಿ ಅಮ್ಮಾ” ಎಂದು ಕೈಮುಗಿದ.

ಫೋಟೋ ಈಗ ತಂಡದ ಗೋಡೆಯ ಮೇಲಿದೆ. ನಡುವೆ ಹೆಂಡತಿ, ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ರಾಯರು.

“ಪ್ರತಿಜ್ಞೆ ಪ್ರಕಾರ ಹೆಸರು ಬದಲಾಯಿಸ್ಬೇಕಲ್ಲ ರಾಯರೇ?” ಎಂದಿತು ತಂಡ.

“ಏನಂತ ಇಡ್ತೀರಪ್ಪ?”

ಅಷ್ಟರಲ್ಲಿ ಮನೆಯ ಕಡೆಯಿಂದ ಉದ್ದನೆಯ ಸೀಟಿ ಕೇಳಿಸಿತು. “ರೀ, ಹಾಲು ಉಕ್ತಿದೆ!”

ರಾಯರು ಎದ್ದೆನೋ ಬಿದ್ದೆನೋ ಎಂದು ಓಡಿದರು. ತಂಡ ಒಂದೇ ದನಿಯಲ್ಲಿ ನಾಮಕರಣ ಮುಗಿಸಿತು: “ದಾರಿ ಬಿಡ್ರಪ್ಪೋ, ಸೀಟಿಯಮ್ಮನ ಯಜಮಾನ್ರು ಬಂದ್ರು!”