ಕ್ರಿಸ್‌ಮಸ್ ಬಂತು, ಕೆಲಸಕ್ಕೆ ಸಂಚಕಾರ

ವರ್ಷಕ್ಕೊಂದು ಗಂಡಾಂತರ ಎಲ್ಲರಿಗೂ ಇರುತ್ತದಂತೆ. ನನ್ನದು ಡಿಸೆಂಬರಿನಲ್ಲಿ, ತಪ್ಪದೆ ಬರುತ್ತಿತ್ತು. ಹುಣಸೂರಿನ ದೊರೆಗಳ ಕ್ಲಬ್ಬಿನಲ್ಲಿ ನಾನು ಗುಮಾಸ್ತ. ಕ್ರಿಸ್‌ಮಸ್ಸಿಗೆ ದೊರೆಗಳ ಮಕ್ಕಳ ಜೊತೆಗೆ ಆಳುಕಾಳುಗಳ ಮಕ್ಕಳನ್ನೂ ಕರೆದು ಪಾರ್ಟಿ ಮಾಡುವ ಪದ್ಧತಿ. ಉಸ್ತುವಾರಿಯೆಲ್ಲ ನನ್ನ ತಲೆಗೆ. ಆ ವರ್ಷವಂತೂ ಸೆಕ್ರೆಟರಿ ದೊರೆ ಮೊದಲೇ ಹೇಳಿಬಿಟ್ಟರು: "ಈ ಸಲ ಏನಾದರೂ ಎಡವಟ್ಟಾದರೆ ನೀನು ಮನೆಗೆ ಹೋಗು." ಮನೆಗೆ ಹೋಗಿ ಮಾಡುವುದೇನು? ಅಲ್ಲಿ ಉಣ್ಣುವ ಬಾಯಿಗಳೇ ಎಲ್ಲ, ದುಡಿಯುವವನು ನಾನೊಬ್ಬನೇ.

ಮರ

ದೊರೆಗಳ ದೇಶದ ಮರ ನಮ್ಮಲ್ಲೆಲ್ಲಿ ಸಿಗಬೇಕು? ಸರ್ವೆ ಮರದ ತುದಿ ಕಡಿಸಿ ಕ್ಲಬ್ಬಿನ ಹಾಲ್‌ನಲ್ಲಿ ನಿಲ್ಲಿಸಿದೆ. ಹಂಪಾಪುರದ ಕಡೆಯ ಮಾಲಿಗೆ, "ಹಬ್ಬದ ಮರ ಕಣಯ್ಯ, ಚೆನ್ನಾಗಿ ಸಿಂಗಾರ ಮಾಡು" ಎಂದು ಹೇಳಿ ಬಿಸ್ಕತ್ತು ತರಲು ಹೋದೆ. ಬಂದು ನೋಡಿದರೆ ಮರಕ್ಕೆ ಅರಿಸಿನ ಬಳಿದು, ಕುಂಕುಮ ಇಟ್ಟು, ಬುಡದಲ್ಲಿ ಕಾಯಿ ಒಡೆದಿದ್ದಾನೆ. ಆಳುಗಳ ಮಕ್ಕಳು ಕೈಮುಗಿದು ಸುತ್ತು ಹಾಕುತ್ತಿದ್ದಾರೆ. ಅವರ ಹಿಂದೆ ದೊರೆಯ ಮಗಳೂ!

"ಏನಯ್ಯಾ ಇದು ಅನಾಹುತ?"

"ಅಬ್ಬದ ದಿವ್ಸ ಬರೀ ಅಣೇಲಿ ನಿಲ್ಸಕಾಯ್ತದಾ ಬುದ್ದಿ?" ಎಂದ.

ಕುರ್ಚಿ ಆಟ

ಗ್ರಾಮಫೋನು ನಿಂತಕೂಡಲೇ ಕುರ್ಚಿ ಹಿಡಿದು ಕೂರಬೇಕು, ಕುರ್ಚಿ ಸಿಗದವನು ಸೋತ. ಹಾಡು ನಿಂತಿತು. ನಮ್ಮ ಮಕ್ಕಳು ಒಬ್ಬರೂ ಕೂರಲಿಲ್ಲ. ಅವರನ್ನು ನೋಡಿ ದೊರೆ ಮಕ್ಕಳೂ ಪಿಳಿಪಿಳಿ ಕಣ್ಣು ಬಿಟ್ಟುಕೊಂಡು ನಿಂತವು.

"ಕೂತ್ಕೊಳ್ರೋ!" ಎಂದು ಹಲ್ಲು ಕಡಿದೆ.

"ದೊರೆಗೋಳು ನಿಂತವ್ರೆ, ನಾವ್ ಕೂರದಾ? ಅಪ್ಪ ಚರ್ಮ ಸುಲೀತಾನೆ ಕಣ್ರೀ" ಎಂದಿತು ಒಂದು ಹುಡುಗಿ.

ಹೇಗೆ ಎಂದು ತೋರಿಸಲು ಸೆಕ್ರೆಟರಿ ದೊರೆಯೇ ಕೂತರು. ಬೇರೆ ಯಾರೂ ಕೂರಲಿಲ್ಲವಾದ್ದರಿಂದ ಗೆದ್ದವರು ಅವರೇ. ಬಹುಮಾನದ ರಬ್ಬರ್ ಚೆಂಡನ್ನು ಅವರಿಗೇ ಒಪ್ಪಿಸಿದೆ.

ತಾತ

ಕ್ರಿಸ್‌ಮಸ್ ತಾತನಾಗಬೇಕಿದ್ದ ಇನ್ನೊಬ್ಬ ದೊರೆ ಚಳಿಜ್ವರ ಬಂದು ಮಲಗಿಬಿಟ್ಟಿದ್ದರು. ಊರಲ್ಲಿ ಅಂಥ ಬಿಳಿಗಡ್ಡ ಇದ್ದದ್ದು ಕುದುರೆ ಜೀನು ಹೊಲಿಯುವ ಮುದಿ ಸಾಬರಿಗೆ ಮಾತ್ರ. ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡು ಕರೆತಂದು ಕೆಂಪು ನಿಲುವಂಗಿ ತೊಡಿಸಿದೆ. ಸಾಬರು ಮಂತ್ರಿಸಿ ಊದಿದರೆ ಮಕ್ಕಳ ಭಯ, ರಚ್ಚೆ ಎಲ್ಲ ಇಳಿಯುತ್ತದೆಂದು ದಿನಾ ಸಂಜೆ ಅವರ ಮುಂದೆ ತಾಯಂದಿರು ಸಾಲು ನಿಲ್ಲುವುದು ನನಗೆ ಮರೆತೇಹೋಗಿತ್ತು.

ಸಾಬರು ಮಕ್ಕಳಿಗೆ ಹಂಚುವ ಬೊಂಬೆಗಳ ಚೀಲ ಬಿಚ್ಚುವ ಮೊದಲೇ ಆಯಾ ಒಬ್ಬಳು ಮಗು ಒಡ್ಡಿದಳು: "ರಾತ್ರಿಯೆಲ್ಲ ಬೆಚ್ತದೆ ಸಾಬ್ರೇ, ಊದ್ಬುಡಿ." ಅವಳ ಹಿಂದೆ ಅಡಿಗೆಯವನ ಹೆಂಡತಿ, ಮಾಲಿಯ ಹೆಂಡತಿ, ಬೀದಿಯಲ್ಲಿ ಹೋಗುತ್ತಿದ್ದವರೂ. ಬೊಂಬೆ ಯಾರಿಗೂ ಬೇಡ. ನನ್ನ ಅನ್ನಕ್ಕೆ ಕಲ್ಲು ಬಿತ್ತು ಎಂದುಕೊಂಡು ಗೋಡೆಗೆ ಒರಗಿ ಅತ್ತೇಬಿಟ್ಟೆ.

ಅಷ್ಟರಲ್ಲಿ ಸಾಲಿನ ಕೊನೆಯಲ್ಲಿ ಸೆಕ್ರೆಟರಿ ದೊರೆಸಾನಿ! ಕಂಕುಳಲ್ಲಿ ಹಲ್ಲು ಬರುವ ಸಂಕಟಕ್ಕೆ ವಾರದಿಂದ ರಚ್ಚೆ ಹಿಡಿದಿದ್ದ ಕೂಸು. ಸಾಬರು ಬಿಸ್ಮಿಲ್ಲಾ ಎಂದು ಊದಿದರು. ಗಡ್ಡ ಮೂಗಿಗೆ ಕಚಗುಳಿ ಇಟ್ಟಿತೋ ಏನೋ, ಕೂಸು ಕಿಲಕಿಲ ನಕ್ಕು ಅಲ್ಲೇ ನಿದ್ದೆಹೋಯಿತು.

ಸೆಕ್ರೆಟರಿ ದೊರೆ ನನ್ನ ಹತ್ತಿರ ಬಂದರು. "ನಿನ್ನ ಕೆಲಸ ಉಳಿಯಿತು. ಇಂಥ ಪಾರ್ಟಿ ಬೇರೆ ಯಾರಿಗೂ ಮಾಡಲು ಬರುವುದಿಲ್ಲ. ಇನ್ನು ಪ್ರತಿ ವರ್ಷವೂ ನೀನೇ."

ಪ್ರತಿ ವರ್ಷವೂ! ನಾನು ತೆಪ್ಪಗೆ ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಸಾಬರು, "ಮಗು ಎಲ್ಲಿ?" ಎಂದರು.

"ನಾನೇ ಸಾಬ್ರೇ," ಎಂದೆ. "ಜೋರಾಗಿ ಊದಿ."