ಸೋಮವಾರದ ಸಾಬೂದಾಣಿ ಮತ್ತು ಡಾಕ್ಟರರ ದನಿ

ಮನುಷ್ಯರು ಮಾತನ್ನು ಕೇಳುವುದಿಲ್ಲ, ದನಿಯನ್ನು ಕೇಳುತ್ತಾರೆ. ಅದೇ ಮಾತನ್ನು ನಾನು ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ. ಬಸ್ ಕಂಡಕ್ಟರನ ದನಿಯಲ್ಲಿ ಹೇಳಿದರೆ ನಮ್ಮ ಓಣಿಯ ಹಿರಿಯರೂ ಒಂದು ಹೆಜ್ಜೆ ಮುಂದೆ ಸರಿದು ನಿಲ್ಲುತ್ತಾರೆ. ಈ ಗುಟ್ಟು ತಿಳಿದ ಮೇಲೆ ನಮ್ಮೂರು ವಳಸಂಗದಲ್ಲಿ ನಾನು ಯಾರನ್ನೂ ಬಿಟ್ಟಿಲ್ಲ. ಉಮದಿ ಬಸ್ಸಿನ ಕಂಡಕ್ಟರ್, ಡೇರಿಯ ಗುಮಾಸ್ತ, ಫೋನಿನಲ್ಲಿ ಅತ್ತಂತೆ ನಗುವ ಸೋದರತ್ತೆ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದಾರೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ನೆಗಡಿಯಾದಾಗ ಬರುವುದು ಅದೇ ಇರಬೇಕು.

ಹೀಗಿರುವಾಗ ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು. ಜತ್ತದ ಡಾಕ್ಟರರು ಕನ್ನಡಕ ತೆಗೆದು ಒರೆಸಿ, ಸಣ್ಣಗೆ ಕೆಮ್ಮಿ, 'ನೋಡ್ರಿ' ಎನ್ನುವುದನ್ನು ಮರಾಠಿಯಲ್ಲೇ ಹೇಳುವ ರೂಢಿಯಂತೆ, "ಬಘಾ ಕಾಕಾ, ಗುಳಿಗಿ ತಗೋರಿ, ಕಾರ್ಬೋಹೈಡ್ರೇಟ್ ಕಮ್ಮಿ ಮಾಡ್ರಿ. ಮುಂದಿನ ತಪಾಸಣಿಯೊಳಗ ಇಳೀಲಿಲ್ಲಂದ್ರ ಸೂಜಿ ಚಾಲೂ ಮಾಡೋಣ" ಎಂದರು. ಅಪ್ಪ ಹಾವಿಗೆ ಅಂಜುವವನಲ್ಲ. ಸೂಜಿಗೆ ಅಂಜುತ್ತಾನೆ. ಹುಡುಗನಾಗಿದ್ದಾಗ ನಾಯಿ ಕಚ್ಚಿ ಹೊಟ್ಟೆಗೆ ಚುಚ್ಚಿಸಿಕೊಂಡದ್ದನ್ನು ನೆನೆದರೆ ಇಂದಿಗೂ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಾನೆ. ಅವತ್ತು ಊರು ಮುಟ್ಟುವವರೆಗೂ ಬಸ್ಸಿನಲ್ಲಿ ಹಾಗೆಯೇ ಹಿಡಿದುಕೊಂಡು ಕುಳಿತಿದ್ದ.

"ಅದೇನೋ ಕಾರ್ಬೋ ಅಂದ್ರಲ್ಲ, ಏನದು?" ಎಂದು ಕೇಳಿದ. ಮೊಬೈಲಿನಲ್ಲಿ ಜ್ಞಾನ ಸಂಪಾದಿಸಿದವನು ನಾನು. "ರೊಟ್ಟಿ" ಎಂದೆ.

ರಾತ್ರಿ ಅವ್ವ ರೊಟ್ಟಿ ಬಡಿಸಿದಳು. ಬೇಡ ಎಂದೆ; ಯಾರೂ ಕೇಳಲಿಲ್ಲ. ಆಗ ಅಂಗಿಯ ತುದಿಯಿಂದ ಇಲ್ಲದ ಕನ್ನಡಕ ಒರೆಸಿ, ಕೆಮ್ಮಿ, "ಬಘಾ ಕಾಕಾ, ರೊಟ್ಟಿ ಬಂದ್" ಎಂದೆ. ಅಪ್ಪನ ಕೈ ತಟ್ಟೆಯ ಮೇಲೆಯೇ ನಿಂತಿತು. ಅಂದಿನಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಂದ್. ಜೋಳದ ರೊಟ್ಟಿಯಿಂದ ಬೆಳೆದ ಮನುಷ್ಯ ಎಣ್ಣೆಗಾಯಿಯನ್ನು ಚಮಚದಿಂದ ತಿನ್ನುತ್ತ, ಪರರ ಮನೆಗೆ ಬಂದ ಬೀಗರಂತೆ ಕಾಣತೊಡಗಿದ. ಮಧ್ಯಾಹ್ನದ ಹೊತ್ತಿಗೇ ಹೊಲದ ಬೇವಿನ ಬುಡಕ್ಕೆ ಒರಗಿಬಿಡುತ್ತಿದ್ದ.

ಉಳಿದದ್ದು ಸೋಮವಾರದ ಉಪವಾಸ. ಉಪವಾಸವೆಂದರೆ ನಮ್ಮ ಕಡೆ ಒಲೆ ಆರುವುದೇ ಇಲ್ಲ. ಆಲೂಗಡ್ಡೆ ಹಾಕಿದ ಸಾಬೂದಾಣಿ, ಎಂದರೆ ಸಬ್ಬಕ್ಕಿಯ ಖಿಚಡಿ, ಕುದಿಸಿದ ಗೆಣಸು, ಬಾಳೆಹಣ್ಣು, ಮೇಲೊಂದು ಲೋಟ ಸಿಹಿ ಹಾಲು. ಇಷ್ಟೆಲ್ಲ ಉಂಡು ಸಂಜೆ "ಇವತ್ತ ಹೊಟ್ಟಿಗೇನೂ ಇಲ್ಲ" ಎನ್ನುವ ಹಕ್ಕೂ ಇದೆ. ಅಪ್ಪನ ಸೊರಗಿದ ಮುಖ ನೋಡಿ ಅವ್ವ ಒಂದು ದಾರಿ ಕಂಡುಕೊಂಡಳು. "ರೊಟ್ಟಿ ಬ್ಯಾಡ ಅಂದಾರ. ಉಪಾಸದ್ದು ಬ್ಯಾಡ ಅಂದಿಲ್ಲಲ್ಲ?" ಹೀಗೆ ಗುರುವಾರವೂ ಉಪವಾಸವಾಯಿತು, ಶನಿವಾರವೂ ಆಯಿತು. ಮನೆಯಲ್ಲಿ ಭಕ್ತಿ ಹೆಚ್ಚಿತು. ಗುಡ್ಡಾಪುರದ ದಾನಮ್ಮದೇವಿಗೇ ಏನು ನಡೆದಿದೆಯೆಂದು ಅನುಮಾನ ಬಂದಿರಬೇಕು.

ಮುಂದಿನ ತಪಾಸಣೆಯಲ್ಲಿ ಸಕ್ಕರೆ ಇಳಿಯಲಿಲ್ಲ, ಏರಿತ್ತು.

"ಕಾಕಾ, ಏನ್ ತಿಂತೀರಿ?" ಎಂದರು ಡಾಕ್ಟರರು.

"ಏನ್ ತಿನ್ನೂದ್ರಿ ಸಾಹೇಬ್ರ. ನೀವು ರೊಟ್ಟಿ ಬಂದ್ ಅಂದ್ರಿ, ಮುಟ್ಟಿಲ್ಲ. ವಾರದಾಗ ಮೂರ್ ದಿನ ಸಾಬೂದಾಣಿ ಮ್ಯಾಲ ಉಪಾಸ."

"ರೊಟ್ಟಿ ಬಂದ್ ಅಂತ ನಾ ಯಾವಾಗ ಅಂದೆ?"

"ಮನ್ಯಾಗ್ರಿ. ಊಟಕ್ಕ ಕುಂತಾಗ" ಎಂದು ಅಪ್ಪ ನನ್ನತ್ತ ಕೈ ಮಾಡಿದ.

"ಅನ್ನೋ ತಮ್ಮಾ, ಹೆಂಗ ಅಂದೀ ನೋಡೂಣು."

ಡಾಕ್ಟರರ ಮುಂದೆ ಡಾಕ್ಟರರಾಗುವುದು ಸುಲಭವಲ್ಲ. ಆದರೂ ಆದೆ. ಮೊದಲು ಕಂಪೌಂಡರ್ ನಕ್ಕ. ಡಾಕ್ಟರರು ಕನ್ನಡಕ ತೆಗೆದು ಒರೆಸಲು ಹೋದವರು, ನನ್ನನ್ನು ನೋಡಿ ಹಾಗೆಯೇ ಮತ್ತೆ ಹಾಕಿಕೊಂಡರು.

"ದನಿ ನಂದೈತಿ. ಮಾತು ನಂದಲ್ಲ" ಎಂದರು. "ಕಾಕಾ, ಕಾರ್ಬೋಹೈಡ್ರೇಟ್ ರೊಟ್ಟ್ಯಾಗೂ ಐತಿ, ಸಾಬೂದಾಣ್ಯಾಗೂ ಐತಿ. ಹೊಟ್ಯಾಗ ಹ್ವಾದ ಮ್ಯಾಲ ಎರಡೂ ಸಕ್ಕರೀನ ಆಗೂದು. ಜ್ವಾಳದಾಗ ನಾರ ಐತಿ, ಜೋಡಿ ಕಾಳು ಪಲ್ಯ ಇದ್ರ ಸಕ್ಕರಿ ಸಾವಕಾಶ ಏರತದ. ಸಾಬೂದಾಣಿ ಬರೇ ಪಿಷ್ಟ, ಸಕ್ಕರಿ ಓಡಕೋತ ಏರತದ. ಕಾರ್ಬೋಹೈಡ್ರೇಟ್ ಏನು ವೈರಿ ಅಲ್ಲ, ದುಡಿಯಾಕ ಬಲ ಕೊಡೂದು ಅದ. ಎಷ್ಟು, ಯಾತರ ಜೋಡಿ, ಅಷ್ಟ ನೋಡ್ರಿ."

"ಸೂಜಿ?" ಅಪ್ಪನ ಕೈ ಹೊಟ್ಟೆಯ ಮೇಲಿತ್ತು.

"ಇನ್ನೊಂದು ಸಲ ನೋಡೋಣ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಡಾಕ್ಟರರ ಕೆಮ್ಮನ್ನು ತಪ್ಪದೆ ಹಿಡಿದಿದ್ದೆ, ಕನ್ನಡಕ ಒರೆಸುವುದನ್ನು ಹಿಡಿದಿದ್ದೆ. ಆದರೆ ಅವರು 'ಕಮ್ಮಿ' ಎಂದದ್ದನ್ನು 'ಬಂದ್' ಮಾಡಿ ದಾಟಿಸಿದ್ದೆ. ಬಂದ್ ಎನ್ನುವುದು ಸುಲಭ, ಅದಕ್ಕೆ ಬುದ್ಧಿ ಬೇಡ. ಕಮ್ಮಿ ಎಂದರೆ ದಿನಾಲೂ ಯೋಚಿಸಬೇಕು.

ಅಂದು ರಾತ್ರಿ ಅಪ್ಪನ ತಟ್ಟೆಗೆ ಒಂದು ರೊಟ್ಟಿ, ಮೊಳಕೆಯೊಡೆದ ಮಡಕಿಕಾಳಿನ ಪಲ್ಯ ಧಾರಾಳವಾಗಿ ಬಂದವು. ಅಪ್ಪ ರೊಟ್ಟಿ ಮುರಿದು, ತಿನ್ನುವ ಮೊದಲು ತುಸು ಹೊತ್ತು ಅದನ್ನೇ ನೋಡಿದ. ಸೋಮವಾರದ ಖಿಚಡಿ ಒಂದು ಮುಷ್ಟಿಗೆ ಇಳಿದು, ಮಜ್ಜಿಗೆ, ಹುರಿದ ಶೇಂಗಾ ಬಂದವು. ಮುಂದಿನ ಸಲ ಸಕ್ಕರೆ ಇಳಿದಿತ್ತು. ಸೂಜಿ ಡಾಕ್ಟರರ ಕಪಾಟಿನಲ್ಲೇ ಉಳಿಯಿತು.

ಕಳೆದ ಸೋಮವಾರ, ಅಪ್ಪ ಬಿಟ್ಟ ಖಿಚಡಿ ಹಾಳಾಗಬಾರದೆಂದು ಪಾತ್ರೆಯನ್ನೇ ಎದುರಿಗಿಟ್ಟುಕೊಂಡು, ತಟ್ಟೆ ತುಂಬ ಹಾಕಿಕೊಂಡು, ಮೊಸರು ಸಕ್ಕರೆ ಕಲಸಿ ಕುಳಿತಿದ್ದೆ. ಬೆನ್ನ ಹಿಂದೆ ಸಣ್ಣ ಕೆಮ್ಮು. "ಬಘಾ ತಮ್ಮಾ, ಸಾಕು."

ತಟ್ಟೆ ಕೆಳಗಿಟ್ಟು, ಎದ್ದು ನಿಂತು, "ಹೂಂರಿ ಸಾಹೇಬ್ರ" ಎಂದುಬಿಟ್ಟೆ. ತಿರುಗಿ ನೋಡಿದರೆ ಅಪ್ಪ, ಧೋತರದ ಚುಂಗಿನಿಂದ ಇಲ್ಲದ ಕನ್ನಡಕ ಒರೆಸುತ್ತಿದ್ದ. ಕೆಮ್ಮು ನನ್ನದಕ್ಕಿಂತ ಚಲೋ ಇತ್ತು. ಈ ಚಾಳಿ ನನಗೆ ಎಲ್ಲಿಂದ ಬಂತೆಂದು ಊರವರು ಕೇಳುತ್ತಿದ್ದರು, ಇನ್ನು ಹೇಳಬಹುದು. ಆದರೆ ಆ ತಟ್ಟೆಯನ್ನು ಮತ್ತೆ ಎತ್ತಿಕೊಳ್ಳಲು ಮಾತ್ರ ನನಗೆ ಧೈರ್ಯ ಬರಲಿಲ್ಲ.