ಟೊಪ್ಪಿಗೆಯ ಎರಡು ಚೀಟಿ

ಎಲ್ಲಕ್ಕೂ ಕಾರಣ ಸತ್ತಾರ್ ಸಾಬರ ಟೊಪ್ಪಿಗೆಯಲ್ಲಿದ್ದ ಎರಡು ಚೀಟಿ.

ಮಸರಕಲ್ ಹೈಸ್ಕೂಲಿನಿಂದ ಒಬ್ಬ ಗಣಿತದ ಮಾಸ್ತರು ಮಾನ್ವಿಯ ಶಾಲೆಗೆ ಹೋಗಬೇಕಿತ್ತು. ಅದಕ್ಕೆ ಜಗದೀಶನೂ ವೇದವ್ಯಾಸನೂ ಆಸೆಪಟ್ಟಿದ್ದರು. ಜಗದೀಶನಿಗೆ ಅಲ್ಲಿ ಹೊಸ ಮನೆ. ವೇದವ್ಯಾಸನಿಗೆ ಅಲ್ಲೇ ಹೆಂಡತಿ ಪೂರ್ಣಶ್ರೀ, ಮಾತು ಕಲಿಯುತ್ತಿದ್ದ ಮಗಳು ಮಹತಿ. ಶನಿವಾರ ಬಂದು ಸೋಮವಾರ ಮಾಯವಾಗುವ ಅಪ್ಪನಿಗಿಂತ ಫೋನಿನೊಳಗಿನ ಅಪ್ಪನೇ ಅವಳಿಗೆ ಹೆಚ್ಚು ಗುರುತು. ಮಾತು ಮುಗಿಯುತ್ತಲೇ ಫೋನು ತಿರುವಿ, ಅದರ ಬೆನ್ನಿನ ಕಡೆ ಅವನನ್ನು ಹುಡುಕುತ್ತಿದ್ದಳು.

ಚೀಟಿ ಎತ್ತಿ ತೀರಿಸೋಣವೆಂದು ಹೆಡ್‌ಮಾಸ್ತರು ಹೇಳಿದ ದಿನವೇ, ಹತ್ತನೆಯ ತರಗತಿಗೆ ಸಂಭವನೀಯತೆಯ ಪಾಠ ಎಷ್ಟು ತಲೆಗೆ ಹತ್ತಿದೆ ಎಂದು ನೋಡಲು ರಾಯಚೂರಿನಿಂದ ಶಿಕ್ಷಣ ಇಲಾಖೆಯ ಶೇಷಗಿರಿ ಸಾಹೇಬರು ಬಂದಿಳಿದರು.

"ಚೀಟಿ ಕ್ಲಾಸಿನ್ಯಾಗೇ ಎತ್ರಿ. ಅದೇ ಪರೀಕ್ಷಾ ಆಗ್ತದ" ಎಂದರು.

ವೇದವ್ಯಾಸನ ಕೋಣೆಯ ಜೊತೆಗಾರ, ಹಿಂದಿ ಮಾಸ್ತರು ಸತ್ತಾರ್ ಸಾಬರು ತಾವೇ ಚೀಟಿ ಬರೆದು, ಟೊಪ್ಪಿಗೆ ಹಿಡಿದು ನಿಂತರು.

"ವೇದವ್ಯಾಸ ಸರ್ ಹೆಸರು ಬರೋ ಸಂಭವನೀಯತೆ ಎಷ್ಟು?" ಸಾಹೇಬರು ಕೇಳಿದರು.

"ಎರಡರಾಗ ಒಂದ್ರೀ" ಎಂದು ತರಗತಿ ಕೂಗಿತು. ಹುಲಗೆಮ್ಮ ಮಾತ್ರ ಎದ್ದು ನಿಂತಳು. "ಈಗ ಹೇಳಾಕ ಬರಲ್ರೀ."

"ಯಾಕವಾ?"

"ಚೀಟಿ ಒಳಗ ಏನದ ನಾವು ನೋಡಿಲ್ರೀ. ನೋಡದ ಲೆಕ್ಕ ಹಾಕಬ್ಯಾಡ್ರಿ ಅಂತ ನಮ್ ಸರೇ ಕಲಿಸ್ಯಾರ್ರಿ."

ವೇದವ್ಯಾಸನ ಎದೆ ಹೆಮ್ಮೆಯಿಂದ ಪೂರಿಯಂತೆ ಉಬ್ಬಿತು. ಚೀಟಿ ಬಿಚ್ಚಿದರು, ಎದೆ ಇಳಿಯಿತು. ಎರಡರಲ್ಲೂ ಅವನದೇ ಹೆಸರು.

"ನನ್ನ ಹೆಸರು ಎಲ್ಲಿ ಹೋತ್ರೀ ಸಾಬ್ರ?" ಎಂದ ಜಗದೀಶ.

ಸಾಬರು ಫ್ಯಾನು ನೋಡುತ್ತ ನಿಂತರು. ಆಮೇಲೆ ವೇದವ್ಯಾಸನ ಕಿವಿಯಲ್ಲಿ, "ದಿನಾ ಸಂಜಿಗೆ ಆ ಕೂಸಿನ ಕೂಡ ನೀ ಮಾತಾಡೋದು ಕೇಳಾಕ ನನ್ನ ಕೈಲೆ ಆಗವಲ್ದೋ" ಎಂದರು.

ಈ ಸಲ ವೇದವ್ಯಾಸ ಎಲ್ಲರೆದುರೇ ಬೇರೆ ಚೀಟಿ ಬರೆದ. ಹುಲಗೆಮ್ಮ ಓದಿ ನೋಡಿದಳು. "ಒಂದರ ಮಡಿಕಿ ದಪ್ಪ ಅದ್ರೀ" ಎಂದು ತಾನೇ ಮತ್ತೆ ಮಡಚಿ ಹಾಕಿದಳು. ಸಾಹೇಬರು ಕಣ್ಣು ಮುಚ್ಚಿ ಒಂದನ್ನು ಎತ್ತಿದರು.

ವೇದವ್ಯಾಸ.

ಮಹತಿ ತನ್ನ ಹೆಗಲ ಮೇಲೆಯೇ ಮಲಗಿದಂತಾಗಿ ಅವನು ಭುಜ ನೆಟ್ಟಗೆ ಮಾಡಿಕೊಂಡ.

ಅಷ್ಟರಲ್ಲಿ ಸಾಹೇಬರು ಅವನ ಕೈ ಹಿಡಿದು ಕುಲುಕಿದರು. "ಎಷ್ಟೋ ಶಾಲಿ ನೋಡೀನ್ರೀ, ಇಂಥಾ ಮಕ್ಕಳು ಎಲ್ಲೂ ಸಿಗಲಿಲ್ಲ. ಹೆಡ್‌ಮಾಸ್ತರ್ರೇ, ಈ ಮನಷ್ಯಾನ್ನ ಇಲ್ಲಿಂದ ಬಿಡಬ್ಯಾಡ್ರಿ. ಮಾನ್ವಿಗೆ ಜಗದೀಶರ್ನ ಕಳಸ್ರಿ."

"ಇದು ನ್ಯಾಯ ಅಲ್ರೀ ಸರ. ಚೀಟಿ ನಮ್ ಸರ್ದು ಬಂದದ" ಎಂದಳು ಹುಲಗೆಮ್ಮ.

"ನೋಡಿದ್ರೇನು?" ಸಾಹೇಬರ ಮುಖ ಅರಳಿತು. "ಇದನ್ನೂ ಕಲಿಸ್ಯಾರ. ಇಂಥವ್ರನ್ನ ಕಳಸ್ತಾರೇನ್ರೀ ಯಾರರೆ?"

ಸಂಜೆ ಪೂರ್ಣಶ್ರೀ ವಿಡಿಯೋ ಕಾಲಿನಲ್ಲಿ ಕೇಳಿದಳು: "ಬಂತೇನ್ರೀ ಹೆಸರು?"

"ಹೆಸರು ಬಂತು. ನಾ ಬರೋದು ಶನಿವಾರ."

ಮಹತಿ ಫೋನು ಕಸಿದುಕೊಂಡು ತಿರುವಿದಳು. ಅವನಿಗೆ ಮನೆಯ ಗೋಡೆ ಕಂಡಿತು, ತೊಟ್ಟಿಲ ಹಗ್ಗ ಕಂಡಿತು. ಹುಡುಕುತ್ತಿದ್ದ ಅವಳ ಮುಖ ಮಾತ್ರ ಕಾಣಲಿಲ್ಲ.